ಜೋರಾಗಿ ಯೋಚಿಸಿ

"ಸರಿ, ಈಗ ನಾನು ನಲ್ಲಿ ತಿರುಗಿಸ್ತೀನಿ. ಮೊದಲು ತಣ್ಣೀರು ಬರಬಹುದು, ಅದಕ್ಕೆ ಕೈ ಸ್ವಲ್ಪ ದೂರ ಇಟ್ಕೋತೀನಿ." ಬಚ್ಚಲ ಕನ್ನಡಿಯ ಮುಂದೆ ನಿಂತವಳಿಗೆ ತನ್ನ ತಲೆಯೊಳಗೆ ಯಾರೋ ಹೀಗೆ ವರದಿ ಒಪ್ಪಿಸುತ್ತಿರುವುದು ಕೇಳಿಸಿ ಮೈಯೆಲ್ಲ ಉರಿದುಹೋಯಿತು. ಇನ್ನೂ ಹಲ್ಲು ಉಜ್ಜಿಲ್ಲ, ಆಗಲೇ ಶುರು. ದನಿ ಅವಳದೇ, ಆದರೆ ಇಸ್ತ್ರಿ ಮಾಡಿಟ್ಟ ದನಿ. ದೊಡ್ಡ ಕಂಪನಿಯ ಇಂಟರ್ವ್ಯೂ ಮುಗಿದು ವಾರ ಕಳೆದರೂ ಅದು ಅವಳನ್ನು ಬಿಟ್ಟು ಹೋಗಿರಲಿಲ್ಲ. ಬಸ್ಸು ಹತ್ತುವಾಗ "ಇಲ್ಲಿ ಎರಡು ದಾರಿ ಇದೆ" ಅನ್ನುತ್ತಿತ್ತು. ಅಡುಗೆಗೆ ಉಪ್ಪು ಹಾಕುವಾಗ "ಇದು ಜಾಸ್ತಿ ಆಗಬಹುದು ಅಂತ ನನಗೆ ಅನ್ನಿಸ್ತಿದೆ" ಅನ್ನುತ್ತಿತ್ತು. ಸುಮ್ಮನಿರುವುದೊಂದನ್ನು ಮಾತ್ರ ಅವಳು ಹುಟ್ಟಿದಾಗಿನಿಂದ ಯಾರೂ ಹೇಳಿಕೊಡದೆ ಚೆನ್ನಾಗಿ ಮಾಡಿಕೊಂಡು ಬಂದಿದ್ದಳು, ಅದಕ್ಕೇ ಅಕ್ಕ ಅವಳಿಗೆ ಮೂಗಿ ಅಂತ ಹೆಸರಿಟ್ಟಿದ್ದಳು. ಆದರೆ ಆ ಮೌನ ಖಾಲಿ ಮನೆಯಾಗಿರಲಿಲ್ಲ. ಲೆಕ್ಕ, ಪ್ರೋಗ್ರಾಮು, ಯಾರ ಮೇಲಾದರೂ ಬಂದ ಸಿಟ್ಟು, ಎಲ್ಲ ಅಲ್ಲಿ ಕೂತು ತಮ್ಮ ಪಾಡಿಗೆ ತಾವು ಹದಕ್ಕೆ ಬರುತ್ತಿದ್ದವು. ಈಗ ಆ ಮನೆಗೊಬ್ಬಳು ಬಾಡಿಗೆಗೆ ಬಂದು ಕೂತಿದ್ದಾಳೆ, ಅವಳ ಬಾಯಿಗೆ ಬಿಡುವೇ ಇಲ್ಲ. "ಇವತ್ತು ಸಂಜೆಯೊಳಗೆ ಎರಡು ಕೆಲಸಗಳಲ್ಲಿ ಒಂದನ್ನ ಆರಿಸ್ಕೋಬೇಕು. ಮೊದಲು ಎರಡರ ಒಳ್ಳೇದು ಕೆಟ್ಟದ್ದು ನೋಡೋಣ," ಅಂದಿತು ದನಿ. "ಹಾಳಾಗಿ ಹೋಗು," ಎಂದು ಅವಳು ಕನ್ನಡಿಗೆ ಹೇಳಿದಳು. ಪೇಸ್ಟಿನ ನೊರೆ ಸಿಡಿದು ಕನ್ನಡಿಯಲ್ಲಿದ್ದವಳ ಗಲ್ಲದ ಮೇಲೆ ಕೂತಿತು.

ಅಡುಗೆಮನೆಯಲ್ಲಿ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಮಗಳು ಬಂದದ್ದು ನೋಡಿ ಚಾಕುವನ್ನು ಮಾರ್ಕರ್ ಪೆನ್ನಿನ ಹಾಗೆ ಎತ್ತಿ ಹಿಡಿದು, "ಈಗ ನಾನು ಈರುಳ್ಳಿಯನ್ನ ಎರಡು ಭಾಗ ಮಾಡ್ತೀನಿ. ಓ, ಒಂದು ನಿಮಿಷ, ಸಿಪ್ಪೆ ತೆಗೆಯೋದು ಮರೆತೆ!" ಎಂದು ತಾನೇ ನಕ್ಕಳು. ಮನೆಯಲ್ಲಿ ಇದು ಈಗ ಎಲ್ಲರ ಬಾಯಲ್ಲೂ ನಲಿಯುವ ತಮಾಷೆ. ಮೇಲಿನ ಮನೆಯಲ್ಲಿ ಇರುವ ಅಕ್ಕ, ಭಾವ ಕೂಡ ಮಾತಿಗೊಮ್ಮೆ ಹೀಗೇ ಅನ್ನುತ್ತಾರೆ. ಅನ್ನದೆ ಏನು ಮಾಡುತ್ತಾರೆ, ಮೂರು ತಿಂಗಳು ಈ ತಾಲೀಮು ನಡೆದದ್ದೇ ಅಕ್ಕನ ಊಟದ ಕೋಣೆಯಲ್ಲಿ, ಅಕ್ಕನ ಬಿಳಿ ಫ್ರಿಜ್ಜಿನ ಬಾಗಿಲನ್ನೇ ಬೋರ್ಡು ಮಾಡಿಕೊಂಡು. ಭಾವ ಆ ದೊಡ್ಡ ಕಂಪನಿಯಲ್ಲೇ ಒಂದು ತಂಡದ ಮುಖ್ಯಸ್ಥ. ನಾದಿನಿಯ ಅರ್ಜಿಯನ್ನು ಒಳಗೆ ತಲುಪಿಸಿದವನೂ ಅವನೇ, ತಾಲೀಮು ಕೊಟ್ಟವನೂ ಅವನೇ. "ನೋಡು, ಉತ್ತರ ಎಲ್ಲರಿಗೂ ಬರುತ್ತೆ. ಅವರು ಕೇಳೋದು ನೀನು ಹೇಗೆ ಯೋಚಿಸ್ತೀಯ ಅಂತ. ಬಾಯಿಬಿಟ್ಟು ಯೋಚಿಸು. ಸುಮ್ನೆ ನಿಂತ್ಯೋ, ಸತ್ತೆ ಅಂತಾನೇ ಲೆಕ್ಕ," ಎಂದು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಹೇಳುತ್ತಿದ್ದ. ಅಕ್ಕ ಹಾಲು ತೆಗೆಯಲು ಬಂದರೆ ಇಬ್ಬರೂ "ತಡಿ ತಡಿ" ಅನ್ನುತ್ತಿದ್ದರು. ಬಾಗಿಲು ತೆರೆದರೆ ಅರ್ಧ ಬರೆದ ಪ್ರೋಗ್ರಾಮು ಗೋಡೆ ಕಡೆ ತಿರುಗಿಬಿಡುತ್ತಿತ್ತು.

"ಹೇಳಿಬಿಟ್ಯಾ ಅವರಿಗೆ?" ಎಂದಳು ಅಮ್ಮ.

"ಸಂಜೆ ಅವರೇ ಫೋನ್ ಮಾಡ್ತಾರಂತೆ."

"ನಿನ್ನ ಮನಸ್ಸಲ್ಲಿ ಏನಿದೆ ಅಂತ ನಮಗಾದ್ರೂ ಹೇಳೇ. ನಿಮ್ಮಕ್ಕ ಅಂತೂ ಆ ಲಿಫ್ಟ್ ಅಂಗಡಿಗೆ ಕೆಲಸಕ್ಕೆ ಹೋದ್ರೆ ಮಾತೇ ಆಡಲ್ಲ ಅಂದಿದ್ದಾಳೆ."

"ಹಾಗಾದ್ರೆ ಮನೇಲಿ ಇಬ್ಬರು ಮೂಗಿಯರಾದ್ವಿ," ಎಂದು ಅವಳು ಚಪ್ಪಲಿ ಮೆಟ್ಟಿ ಹೊರಟಳು. ಮೆಟ್ಟಿಲಿಳಿಯುವಾಗ ಬಾಡಿಗೆಯವಳು ಒಳಗಿಂದ "ಇದು ಸ್ವಲ್ಪ ಒರಟಾಯ್ತು ಅಂತ ನನಗೆ ಅನ್ನಿಸ್ತಿದೆ" ಎಂದಳು. ಒರಟಾಗಲಿ.

ಈಗಿರುವ ಕಂಪನಿ ಅವಳ ವಿಭಾಗಕ್ಕೆ ಮುಂದಿನ ತಿಂಗಳು ಬಾಗಿಲು ಹಾಕುತ್ತಿತ್ತು. ಅರ್ಧಕ್ಕರ್ಧ ಮೇಜುಗಳು ಆಗಲೇ ಖಾಲಿ, ಎಲ್ಲರೂ ಎಲ್ಲಿಗೆ ಹಾರುವುದೆಂದು ರೆಕ್ಕೆ ಬಡಿಯುತ್ತಿದ್ದರು. ಆದರೂ ಬೆಳಗ್ಗೆ ನಿಂತೇ ನಡೆಸುವ ಸಭೆ ಮಾತ್ರ ತಪ್ಪುತ್ತಿರಲಿಲ್ಲ. ಎಲ್ಲರೂ ಸುತ್ತ ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಅಂತ ಒಬ್ಬೊಬ್ಬರಾಗಿ ಒಪ್ಪಿಸಬೇಕು. ಕಾಲೇಜು ಮುಗಿಸಿ ಇಲ್ಲಿಗೆ ಸೇರಿದಾಗಿನಿಂದ ಅವಳು ಈ ವೃತ್ತದಲ್ಲಿ ನಿಂತು ಒಂದೇ ಸಾಲು ಹೇಳುತ್ತಿದ್ದಳು, "ಮುಗೀತು, ಇನ್ನೊಂದು ಶುರು ಮಾಡ್ತೀನಿ." ನಿಜವಾಗಿಯೂ ಮುಗಿದಿರುತ್ತಿತ್ತು. ಟೀಮ್ ಲೀಡ್ ತಲೆಯಾಡಿಸಿ ಮುಂದಿನವನ ಕಡೆ ನೋಡುತ್ತಿದ್ದ, ಅವಳೊಂದು ಕಂಬವೋ ಎನ್ನುವ ಹಾಗೆ. ಈ ಮೂರು ತಿಂಗಳ ತಾಲೀಮಿನ ನಂತರ ಅವಳಿಗೇ ಗೊತ್ತಿಲ್ಲದೆ ನಾಲಿಗೆ ಸಡಿಲವಾಯಿತು. ಏನೂ ಮುಗಿಯದ ದಿನವೂ ಮುಗಿಯದ್ದನ್ನು ಹಿಂದೆ ಮುಂದೆ ತಿರುಗಿಸಿ ಚಂದ ಮಾಡಿ ಹೇಳುವುದು ಬಂತು. ಹೋದ ವಾರ ಲೀಡ್ ಅವಳನ್ನು ಪಕ್ಕಕ್ಕೆ ಕರೆದು, "ನೀವು ಎಷ್ಟು ಬೆಳೆದಿದ್ದೀರಿ! ಮುಂಚೆ ಹೀಗಿರಲಿಲ್ಲ," ಅಂದಿದ್ದ. ಆ ವಾರ ಅವಳು ಬರೆದ ಕೋಡು ಅವಳ ಜೀವಮಾನದಲ್ಲೇ ಕಳಪೆ. ಅದನ್ನು ಅವನೇ ಓದಿ ಒಪ್ಪಿಗೆ ಕೊಟ್ಟಿದ್ದ. ಹೊಗಳಿಕೆಗೆ ಥ್ಯಾಂಕ್ಸ್ ಅಂದು ಬಂದು ಕೂತವಳಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಗಿತ್ತು, ಹೊಡೆದವನಿಗೆ ಗೊತ್ತೇ ಇರಲಿಲ್ಲ. ಇವತ್ತು ಅವಳ ಸರದಿ ಬಂದಾಗ ದನಿ ಗಂಟಲವರೆಗೆ ಬಂತು, ಅವಳು ಅದನ್ನು ನುಂಗಿ "ಏನೂ ಆಗಿಲ್ಲ" ಅಂದಳು. ಲೀಡ್ ಮುಂದಿನ ಮಾತಿಗಾಗಿ ಕಾದ. ಅವಳು ಕೊಡಲಿಲ್ಲ.

ಇಂಟರ್ವ್ಯೂ ನಡೆದ ಆ ಗಾಜಿನ ಕೋಣೆಯಲ್ಲಿ ಎಷ್ಟು ಧಾರಾಳವಾಗಿ ಕೊಟ್ಟಿದ್ದಳು! ಎದುರಿಗೆ ಇಬ್ಬರು, ನಗುಮುಖದ ಹೆಂಗಸು ಒಬ್ಬಳು, ತಲೆ ಎತ್ತದೆ ಟೈಪ್ ಮಾಡುತ್ತಲೇ ಇದ್ದ ಗಡ್ಡದವನೊಬ್ಬ. ಹೊರಗೆ ಕಾರಿಡಾರಿನಲ್ಲಿ ಹೋಗುವವರೆಲ್ಲ ಒಂದು ಕ್ಷಣ ಒಳಗೆ ನೋಡಿ ಹೋಗುತ್ತಿದ್ದರು. "ಒಂದು ದಿನದ ಮೀಟಿಂಗುಗಳ ಪಟ್ಟಿ ಇದೆ ಅಂದ್ಕೊಳ್ಳಿ. ಎಲ್ಲಕ್ಕೂ ಜಾಗ ಮಾಡಿಕೊಡಕ್ಕೆ ಕಡಿಮೆ ಅಂದ್ರೆ ಎಷ್ಟು ಕೋಣೆ ಬೇಕು? ಜೋರಾಗಿ ಯೋಚಿಸಿ," ಅಂದಳು ನಗುಮುಖದವಳು. ಇವಳು ಬೆಚ್ಚಿದಳು, ಕಷ್ಟದ ಪ್ರಶ್ನೆ ಎಂದಲ್ಲ. ಇದೇ ಪ್ರಶ್ನೆ ಫ್ರಿಜ್ಜಿನ ಬಾಗಿಲ ಮೇಲೆ ಎಷ್ಟು ಸಲ ಬರೆದು ಒರೆಸಿತ್ತೆಂದರೆ ಬಾಗಿಲಿನ ಒಂದು ಮೂಲೆಯಲ್ಲಿ ಕಪ್ಪು ಕಲೆ ಉಳಿದು ಅಕ್ಕ ದಿನಾ ಅದನ್ನು ತಿಕ್ಕಿ ತಿಕ್ಕಿ ಬೈಯುತ್ತಿದ್ದಳು. "ಇದು ನನಗೆ ಮೊದಲೇ ಗೊತ್ತು" ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಕೈ ಪೆನ್ನು ತೆಗೆದುಕೊಂಡಾಗಿತ್ತು, ಬಾಯಿ "ಹೂಂ, ಮೊದಲು ಸರಳವಾದ ದಾರಿ ನೋಡ್ತೀನಿ" ಅಂದಾಗಿತ್ತು. ಎಲ್ಲಿ ತಡವರಿಸಬೇಕೋ ಅಲ್ಲಿ ತಡವರಿಸಿದಳು. ಕಿಟಕಿಯ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು. ಒಂದು ಮೀಟಿಂಗು ಮುಗಿಯುವ ಹೊತ್ತಿಗೇ ಇನ್ನೊಂದು ಶುರುವಾದರೆ ಎರಡಕ್ಕೂ ಒಂದೇ ಕೋಣೆ ಸಾಕು ಎನ್ನುವುದನ್ನು ಬೇಕೆಂದೇ ಮರೆತು ತಪ್ಪು ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಪೆನ್ನಿನ ಮುಚ್ಚಳ ತುಟಿಗೆ ತಾಗಿಸಿ, "ಓ, ಒಂದು ನಿಮಿಷ!" ಅಂದಳು. ಗಡ್ಡದವನು ಆಗ ಮೊದಲ ಸಲ ತಲೆ ಎತ್ತಿದ. ಆ ತಲೆ ಎತ್ತಿದ್ದು ಅವಳಿಗೆ ಎಷ್ಟು ಖುಷಿ ಕೊಟ್ಟಿತು ಎನ್ನುವುದೇ ಈಗ ಅವಳನ್ನು ಚುಚ್ಚುತ್ತಿರುವುದು. ಹೆದರಿ ಮಾಡಿದ್ದಲ್ಲ ಅದು. ಸೊಗಸಾಗಿ, ಮನಸ್ಸಿಟ್ಟು ಮಾಡಿದ್ದು. ಆಫರ್ ಕೊಡಲು ಫೋನ್ ಮಾಡಿದ ಎಚ್‌ಆರ್ ಹುಡುಗಿ, "ನಿಮ್ಮ ತಪ್ಪನ್ನ ನೀವೇ ಹಿಡ್ಕೊಂಡ ರೀತಿ ಇಬ್ಬರಿಗೂ ತುಂಬಾ ಹಿಡಿಸಿದೆ. ಬಹಳ ಪ್ರಾಮಾಣಿಕವಾಗಿತ್ತು ಅಂತ ಬರೆದಿದ್ದಾರೆ," ಅಂದಳು. ಪ್ರಾಮಾಣಿಕ! ಆ ಪದ ಕೇಳಿದ ದಿನ ಅವಳಿಗೆ ಅನ್ನ ಸೇರಲಿಲ್ಲ.

ಯಾಕೆಂದರೆ ಏಳನೆಯ ತರಗತಿಯ ಕರಿಹಲಗೆಯ ಮುಂದೆ ಅದೇ ಅವಳು ಕಳ್ಳಿಯಾಗಿ ನಿಂತಿದ್ದಳು. ಪರೀಕ್ಷೆಯ ಕಷ್ಟದ ಲೆಕ್ಕಕ್ಕೆ ಉತ್ತರ ಮಾತ್ರ ಬರೆದಿದ್ದಳು, ಹಂತಗಳಿರಲಿಲ್ಲ. ಹಂತಗಳು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ, ಅವು ಬಂದು ಹೋದದ್ದೇ ಅವಳಿಗೆ ಕಾಣಿಸಿರಲಿಲ್ಲ. ಗಣಿತದ ಮೇಷ್ಟ್ರು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಇಡೀ ತರಗತಿಗೆ ತೋರಿಸಿ, "ಯಾರದ್ದು ನೋಡಿ ಬರೆದೆ?" ಎಂದರು. ಅವಳು ಇಲ್ಲ ಎಂದು ತಲೆಯಾಡಿಸಿದಳು. "ಹೌದಾ, ಹಾಗಾದ್ರೆ ಬೋರ್ಡಿಗೆ ಬಾ. ಹೇಗೆ ಮಾಡಿದೆ ಅಂತ ಹೇಳ್ತಾ ಹೇಳ್ತಾ ಮಾಡು." ಸೀಮೆಸುಣ್ಣ ಕೈಯಲ್ಲಿ ಬೆವರಿಗೆ ಮೆತ್ತಗಾಯಿತು. ಎಲ್ಲರೂ ನೋಡುತ್ತಿರುವಾಗ ಅವಳ ತಲೆಯೊಳಗಿನ ದೀಪವೇ ಆರಿಹೋಯಿತು. ಅಮ್ಮ ಅದೇ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದಳು. ಮಧ್ಯಾಹ್ನ ಸ್ಟಾಫ್ ರೂಮಿಗೆ ಕರೆಸಿ, ಎಲ್ಲ ಟೀಚರುಗಳ ಮುಂದೆ, "ಸಾರಿ ಹೇಳಿಬಿಡು, ಮುಗಿದು ಹೋಗ್ಲಿ" ಅಂದಳು. ಅವಳು ಹೇಳಿದಳು. ಕದಿಯದೆ ಕದ್ದೆ ಎಂದು ಒಪ್ಪಿಕೊಂಡು ಸೊನ್ನೆ ತೆಗೆದುಕೊಂಡಳು. ಆವತ್ತು ಬಾಯಿ ಬಿಡದ್ದಕ್ಕೆ ಕಳ್ಳಿ, ಈವತ್ತು ಬಾಯಿ ಬಿಟ್ಟದ್ದಕ್ಕೆ ಸಾಚಾ. ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ, ಎಂದು ಅವಳು ಕೀಬೋರ್ಡಿನ ಮೇಲೆ ಏನನ್ನೂ ಒತ್ತದೆ ಬೆರಳಿಟ್ಟುಕೊಂಡು ಕೂತಿದ್ದಳು.

ಊಟದ ಹೊತ್ತಿಗೆ ಭಾವ ಬಂದ. ಎರಡು ರಸ್ತೆ ಆಚೆ ಅವನ ಆಫೀಸು, ಆಗಾಗ ಕೆಳಗಿನ ಕಾಫಿ ಅಂಗಡಿಗೆ ಬಂದು ಅವಳನ್ನು ಕರೆಯುತ್ತಿದ್ದ. ಇವತ್ತು ಕೈಯಲ್ಲಿ ಎರಡು ಲೋಟ ಹಿಡಿದೇ ನಿಂತಿದ್ದ.

"ಒಪ್ಪಿಗೆ ಕಳಿಸಿದ್ಯಾ?"

"ಇಲ್ಲ ಭಾವ."

"ಯಾಕೆ, ಅವರು ಬ್ಯಾಂಡ್ ಬಾರಿಸ್ಕೊಂಡು ಬಂದು ಕರೀಬೇಕಾ?"

"ಆ ಪ್ರಶ್ನೆ ನನಗೆ ಮೊದಲೇ ಗೊತ್ತಿತ್ತು."

"ಗೊತ್ತಿರಲಿ ಅಂತ ತಾನೇ ಫ್ರಿಜ್ಜಿನ ಮೇಲೆ ಬರೆಸಿದ್ದು? ಓದಿದ ಪ್ರಶ್ನೆ ಪರೀಕ್ಷೇಲಿ ಬಂದ್ರೆ ಉತ್ತರ ಬರೆಯಲ್ವಾ ತಾಯಿ?"

"ಬರೀತೀನಿ. ಆದ್ರೆ ಗೊತ್ತಿಲ್ಲದವಳ ಥರ ಆಡಲ್ಲ. ನಾನು ಬೇಕಂತಲೇ ತಪ್ಪು ಮಾಡ್ದೆ, ಆಮೇಲೆ ಕಂಡುಹಿಡಿದ ಹಾಗೆ ನಟಿಸ್ದೆ. ಅವರು ಅದನ್ನ ಪ್ರಾಮಾಣಿಕ ಅಂತ ಬರ್ಕೊಂಡಿದ್ದಾರೆ."

ಭಾವ ಕಾಫಿ ಊದಿದ. ಅವನಿಗೆ ಸಿಟ್ಟು ಬಂದದ್ದು ಅವನ ಕಿವಿಯಲ್ಲಿ ಮೊದಲು ಕಾಣಿಸಿತು. "ಎಲ್ಲರೂ ಹಾಗೇ ಬರೋದು. ನಾನೂ ಹಾಗೇ ಬಂದೆ. ಆ ಗಡ್ಡದವನೂ ಹಾಗೇ ಬಂದಿರ್ತಾನೆ. ನಾವೆಲ್ಲ ಕಳ್ಳರಾ ಹಾಗಾದ್ರೆ?"

"ನಾನು ನಿಮ್ಮ ವಿಷಯ ಹೇಳ್ತಿಲ್ಲ."

"ಹೇಳ್ತಿದ್ದೀಯ. ನಿನ್ನ ಮಾತು ಕಡಿಮೆ, ಬೀಳೋ ಜಾಗಕ್ಕೆ ಸರಿಯಾಗಿ ಬೀಳುತ್ತೆ." ಅವನು ನಗಲು ನೋಡಿದ, ಆಗಲಿಲ್ಲ. ದಿನಾ ಸಂಜೆ ಆಫೀಸಿನಿಂದ ಸುಸ್ತಾಗಿ ಬಂದು, ಬಟ್ಟೆ ಕೂಡ ಬದಲಾಯಿಸದೆ ಅವಳಿಗಾಗಿ ಕೂತಿದ್ದ ಮನುಷ್ಯ. ಅವನನ್ನು ನೋಯಿಸುತ್ತಿದ್ದೇನೆ ಎಂದು ಅವಳಿಗೆ ನೋವಾಯಿತು, ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಬದಲಿಗೆ ಯಾರಿಗೂ ಹೇಳದಿದ್ದನ್ನು ಹೇಳಿದಳು, "ಭಾವ, ಆ ದನಿ ಹೋಗ್ತಿಲ್ಲ. ಹಲ್ಲುಜ್ಜುವಾಗಲೂ ತಲೆಯೊಳಗೆ ಮಾತಾಡ್ತಿರುತ್ತೆ. ನನಗೆ ನನ್ನ ಯೋಚನೆ ಕೇಳಿಸ್ತಿಲ್ಲ."

ಭಾವ ಲೋಟದ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತ. "ಹೋಗಲ್ಲ ಅದು," ಎಂದ ಕೊನೆಗೆ, ತಮಾಷೆ ಇಲ್ಲದೆ. "ಅಭ್ಯಾಸ ಆಗುತ್ತೆ. ಮೊದಮೊದಲು ನನಗೂ ಹಿಂಸೆ ಅನ್ನಿಸ್ತಿತ್ತು. ಈಗ ಯಾವುದು ಅದು, ಯಾವುದು ನಾನು ಅಂತ ಗೊತ್ತೇ ಆಗಲ್ಲ. ತೊಂದರೆ ಏನಿಲ್ಲ, ಕೆಲಸ ಚೆನ್ನಾಗೇ ನಡೀತಿದೆ. ನಿಮ್ಮಕ್ಕನಿಗೆ ಹೇಳೋದಕ್ಕೆ ಹೋಗ್ಬೇಡ." ಆಮೇಲೆ ಎಂದಿನ ದನಿಯಲ್ಲಿ, "ಸುಮ್ನೆ ತಲೆ ಕೆಡಿಸ್ಕೋಬೇಡ. ಸಂಜೆ ಹೂಂ ಅನ್ನು. ಒಂದು ವರ್ಷ ಇದ್ದು ನೋಡು," ಎಂದು ಅವಳ ತಲೆ ಮೇಲೆ ಮೆಲ್ಲಗೆ ತಟ್ಟಿ ಹೋದ. ಅವನು ರಸ್ತೆ ದಾಟುವಾಗ ತುಟಿಗಳು ಅಲ್ಲಾಡುತ್ತಿದ್ದವೇ ಎಂದು ಅವಳು ದಿಟ್ಟಿಸಿ ನೋಡಿದಳು. ಅಲ್ಲಾಡುತ್ತಿರಲಿಲ್ಲ. ಆದರೂ ಅವಳಿಗೆ ಭಯವಾಯಿತು, ಭಯದ ಬೆನ್ನಿಗೇ ಹಟ ಹತ್ತಿತು.

ಲಿಫ್ಟ್ ಅಂಗಡಿಗೆ ಅರ್ಜಿ ಹಾಕಿದ್ದು ಅವಳೇ, ಯಾರಿಗೂ ಹೇಳದೆ. ಲಿಫ್ಟುಗಳನ್ನು ನಡೆಸುವ ಪ್ರೋಗ್ರಾಮು ಬರೆಯುವ ಪುಟ್ಟ ಕಂಪನಿ, ಟೈರ್ ಅಂಗಡಿಯ ಮೇಲಿನ ಮೂರು ಕೋಣೆ. ರಬ್ಬರಿನ ವಾಸನೆ, ಒಂದು ಕಾಲು ಗಿಡ್ಡದಾದ ಕುರ್ಚಿ, ಚಿಲಕವಿಲ್ಲದ ಪಾಯಖಾನೆ. ಸಂಬಳದ ಮಾತೆತ್ತಿದರೆ ಅಕ್ಕ ಕಿವಿ ಮುಚ್ಚಿಕೊಳ್ಳುತ್ತಾಳೆ. ಅಲ್ಲಿನವರು ಲಿಫ್ಟ್ ಮೇಡಂ ಎಂದು ಕರೆಯುವ, ನರೆತ ಕೂದಲನ್ನು ಮೇಲೆತ್ತಿ ಕಟ್ಟಿದ ಹೆಂಗಸು ಅವಳ ಮುಂದೆ ಕೋಡಿನ ಪ್ರಿಂಟು, ಪೆನ್ಸಿಲು ಇಟ್ಟು, "ಒಂದು ಕಟ್ಟಡದಲ್ಲಿ ನಮ್ಮ ಲಿಫ್ಟು ಯಾರೂ ಕರೀದೇ ಇದ್ರೂ ಆಗಾಗ ಮೂರನೇ ಮಹಡಿಗೆ ಹೋಗಿ ಬಾಗಿಲು ತೆಗೆದು ನಿಲ್ಲುತ್ತೆ. ಅಲ್ಲಿನವರು ದೆವ್ವ ಅಂತಿದ್ದಾರೆ. ಯಾಕಿರಬಹುದು ನೋಡಿ," ಎಂದು ಎದ್ದು ಹೊರಟಳು. "ಮಾತಾಡ್ತಾ ಮಾಡಬೇಕಾ?" ಎಂದು ಇವಳು ಕೇಳಿದ್ದಕ್ಕೆ, "ಯಾರ ಜೊತೆ? ನಾನು ಇಲ್ಲೇ ಕೂತ್ರೆ ನಿಮಗೆ ಯೋಚನೆ ಮಾಡಕ್ಕಾಗಲ್ಲ," ಎಂದು ಬಾಗಿಲು ಎಳೆದುಕೊಂಡು ಹೋದಳು. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಎಷ್ಟು ಹೊತ್ತು ಕಳೆಯಿತೋ ಗೊತ್ತಾಗಲಿಲ್ಲ. ಮೇಡಂ ಬಂದಾಗ ಅವಳು, ಕರೆಂಟು ಹೋಗಿ ಬಂದಾಗ ಹಳೆಯ ಕರೆಗಳು ಲಿಫ್ಟಿನ ನೆನಪಲ್ಲೇ ಉಳಿದುಬಿಡುತ್ತವೆ ಎಂದಳು. ಮೇಡಂ ಪೆನ್ಸಿಲು ತೆಗೆದುಕೊಂಡು ಕೊನೆಯ ಹಾಳೆಯ ಒಂದು ಸಾಲಿಗೆ ಗೆರೆ ಎಳೆದಳು. "ಕರೆಂಟು ಬಂದ ತಕ್ಷಣ ಲಿಫ್ಟು ಎಲ್ಲ ಮರೆತುಬಿಡುತ್ತೆ. ಇಲ್ಲಿದೆ ನೋಡಿ. ನೀವು ಹೇಳಿದ್ದು ತಪ್ಪು." ಅಷ್ಟೇ. ಪರವಾಗಿಲ್ಲ ಅನ್ನಲಿಲ್ಲ, ಒಳ್ಳೆಯ ಪ್ರಯತ್ನ ಅನ್ನಲಿಲ್ಲ. ಅವಳ ಕಿವಿ ಬಿಸಿಯಾಯಿತು. ನಿಜವಾದ ತಪ್ಪು ಮಾಡಿದಾಗ ಕಿವಿ ಬಿಸಿಯಾಗುತ್ತದೆ, ಅದನ್ನು ನಟಿಸಲು ಬರುವುದಿಲ್ಲ. ಗಾಜಿನ ಕೋಣೆಯಲ್ಲಿ "ಓ, ಒಂದು ನಿಮಿಷ" ಅಂದಾಗ ಅವಳ ಕಿವಿ ತಣ್ಣಗೇ ಇದ್ದವು. "ಹಾಗಾದ್ರೆ ಉತ್ತರ ಏನು?" ಎಂದು ಕೇಳಿದಳು. "ಗೊತ್ತಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ? ನಮಗೂ ಸಿಕ್ಕಿಲ್ಲ," ಎಂದಳು ಮೇಡಂ. ಮಾರನೆಯ ದಿನ ಒಂದು ಸಾಲಿನ ಮೇಲ್ ಬಂತು, ಬೇಕಿದ್ದರೆ ಬನ್ನಿ ಎಂದು.

ಬಹಳ ದೊಡ್ಡ ಮನಸ್ಸಿನ ಹೆಂಗಸು ಎಂದೇನೂ ಅವಳಿಗೆ ಅನ್ನಿಸಿರಲಿಲ್ಲ. ಒಂದು ಲೋಟ ನೀರು ಬೇಕಾ ಎಂದು ಕೂಡ ಕೇಳಿರಲಿಲ್ಲ. ಆ ಕಂಪನಿ ವರ್ಷದೊಳಗೆ ಬಾಗಿಲು ಹಾಕಿದರೂ ಆಶ್ಚರ್ಯವಿಲ್ಲ, ಆಗ ಮತ್ತೆ ಯಾರ ಫ್ರಿಜ್ಜಿನ ಮುಂದೆ ಹೋಗಿ ನಿಲ್ಲುವುದು? ದೊಡ್ಡ ಕಂಪನಿಯ ಹೆಸರು ಒಂದು ಸಲ ಬಿದ್ದರೆ ಜೀವನಪೂರ್ತಿ ಯಾರೂ ನೀನು ಯಾರು ಎಂದು ಕೇಳುವುದಿಲ್ಲ. "ಇದು ಬಹಳ ಮುಖ್ಯವಾದ ಅಂಶ," ಎಂದಿತು ದನಿ, "ಇದನ್ನ ನಾವು ಮರೀಬಾರದು." ನಾವು! ಯಾವಾಗಿನಿಂದ ನಾವು? ಅವಳು ಲೀಡ್‌ಗೆ ತಲೆನೋವು ಎಂದು ಹೇಳಿ ಬ್ಯಾಗು ಎತ್ತಿಕೊಂಡು ಹೊರಬಿದ್ದಳು.

ಲಿಫ್ಟಿನಲ್ಲಿ ಇಳಿಯುವಾಗ ಕರೆಂಟು ಹೋಯಿತು. ದೀಪ ಆರಿ, ಒಂದು ಸಲ ಜಗ್ಗಿ, ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಜೊತೆಗಿದ್ದವರಲ್ಲಿ ಒಬ್ಬ "ಅಯ್ಯೋ" ಎಂದು ಎಲ್ಲ ಗುಂಡಿಗಳನ್ನೂ ಒತ್ತಿದ, ಇನ್ನೊಬ್ಬಳು ಫೋನಿನ ಬೆಳಕು ಹಾಕಿದಳು. ಸ್ವಲ್ಪ ಹೊತ್ತಿಗೆ ಜನರೇಟರ್ ಶುರುವಾಗಿ ದೀಪ ಬಂತು, ಲಿಫ್ಟು ಹೊರಟಿತು. ಗುಂಡಿಗಳೆಲ್ಲ ಆರಿಹೋಗಿದ್ದವು. ಮತ್ತೆ ಯಾರೂ ಏನೂ ಒತ್ತದಿದ್ದರೂ ಅದು ಮೆಲ್ಲಗೆ, ಗೋಡೆ ತಡವಿಕೊಂಡು ಹೋಗುವವರ ಹಾಗೆ, ತಳದವರೆಗೆ ಇಳಿದು ಬಾಗಿಲು ತೆರೆಯಿತು. ಎಲ್ಲರೂ ಹೊರಗೆ ಹೋದರು. ಅವಳು ಒಳಗೇ ನಿಂತಳು. ಎಲ್ಲ ಮರೆತ ಲಿಫ್ಟು ತಾನೆಲ್ಲಿದ್ದೇನೆ ಎನ್ನುವುದನ್ನೂ ಮರೆತಿರುತ್ತದೆ. ನೆನಪು ಮಾಡಿಕೊಳ್ಳಲು ಅದು ತನಗೆ ಗೊತ್ತಿರುವ ಒಂದು ಮಹಡಿಗೆ ಹೋಗಲೇಬೇಕು. ಈ ಕಟ್ಟಡದಲ್ಲಿ ಅದು ತಳ. ಆ ಕಟ್ಟಡದಲ್ಲಿ ಯಾರೋ ಆ ಜಾಗದಲ್ಲಿ ಮೂರು ಅಂತ ತುಂಬಿಸಿಟ್ಟಿದ್ದರೆ? ಗಡಿಯಾರಕ್ಕೂ ತಿಳಿಯದ ಹಾಗೆ ಕರೆಂಟು ಚಕ್ಕೆಂದು ಹೋಗಿ ಬಂದಾಗಲೆಲ್ಲ ಅದು ಮೂರನೆಯ ಮಹಡಿಗೆ ಹೋಗಿ, ಬಾಗಿಲು ತೆರೆದು, ತಾನೆಲ್ಲಿದ್ದೇನೆಂದು ನೋಡಿಕೊಳ್ಳುತ್ತಿದೆ. ದೆವ್ವವೂ ಅಲ್ಲ, ಮಣ್ಣೂ ಅಲ್ಲ. ಹೊರಗಿನಿಂದ ಯಾರೋ "ಬರ್ತೀರೋ ಇಲ್ವೋ?" ಎಂದು ಗದರಿದರು. ರಸ್ತೆಗೆ ಬಂದು ಎಷ್ಟೋ ದೂರ ನಡೆದ ಮೇಲೆ ಅವಳಿಗೆ ಹೊಳೆಯಿತು: ಅಷ್ಟು ಹೊತ್ತೂ ತಲೆಯೊಳಗೆ ಯಾರೂ ಮಾತಾಡಿರಲಿಲ್ಲ. ಹಂತಗಳು ಬಂದು ಹೋಗಿದ್ದವು, ಮುಂಚಿನ ಹಾಗೆ, ಹೇಳದೆ ಕೇಳದೆ. ಅವಳಿಗೆ ನಡುರಸ್ತೆಯಲ್ಲಿ ಅಳು ಬರುವ ಹಾಗಾಯಿತು. ಮೇಡಂಗೆ ಎರಡು ಸಾಲು ಬರೆದು ಕಳಿಸಿದಳು. ಬಸ್ಸಿನಲ್ಲಿ ಉತ್ತರ ಬಂತು. "ಇರಬಹುದು. ನಾಳೆ ಹೋಗಿ ನೋಡ್ತೀನಿ."

ಮನೆಗೆ ಬಂದಾಗ ಅಮ್ಮ ಊಟದ ಮೇಜಿನ ಆ ತುದಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಇಷ್ಟು ಬೇಗ ಯಾಕೆ ಎಂದು ಕೇಳಲಿಲ್ಲ, ಮುಖ ನೋಡಿದಳು.

"ನಿಮ್ಮ ಭಾವ ಫೋನ್ ಮಾಡಿದ್ರು. ನಿನಗೆ ಸ್ವಲ್ಪ ಬುದ್ಧಿ ಹೇಳಿ ಅಂದ್ರು."

"ಹೇಳು."

"ನನಗೆ ಈ ಕಂಪನಿ ವ್ಯವಹಾರ ಎಲ್ಲ ಏನು ಗೊತ್ತು. ಅವರು ಕೇಳಿದ್ದನ್ನ ಕೊಟ್ಟೆ, ಮುಗೀತು ಅಂದ್ಕೋ."

ಅವಳು ಎದುರು ತುದಿಯ ಕುರ್ಚಿ ಎಳೆದುಕೊಂಡು ಕೂತಳು. ಕೇಳಬೇಕೆಂದು ಎಷ್ಟೋ ವರ್ಷದಿಂದ ಇದ್ದದ್ದು ಸಲೀಸಾಗಿ ಹೊರಗೆ ಬಂತು. "ಅಮ್ಮಾ, ಏಳನೇ ಕ್ಲಾಸಲ್ಲಿ ನಾನು ಆ ಲೆಕ್ಕ ನೋಡಿ ಬರೆದೆ ಅಂತ ನೀನು ನಂಬಿದ್ಯಾ?"

ಅಮ್ಮನ ಕೈ ದಿಂಬಿನ ಚೀಲದ ಮೇಲೆ ನಿಂತಿತು. ಯಾವ ಲೆಕ್ಕ ಎಂದು ಅವಳು ಕೇಳಲಿಲ್ಲ. "ಇಲ್ಲ," ಎಂದಳು. "ನೀನು ನೋಡಿ ಬರೆಯೋಕೆ ಆ ಕ್ಲಾಸಲ್ಲಿ ಅದು ಬರೋರು ಯಾರಿದ್ರು?"

"ಮತ್ತೆ ಯಾಕೆ ಸಾರಿ ಹೇಳಿಸಿದೆ?"

"ಸ್ಟಾಫ್ ರೂಮಲ್ಲಿ ಆ ಮೇಷ್ಟ್ರದ್ದು ನನ್ನ ಪಕ್ಕದ ಕುರ್ಚಿ ಕಣೆ," ಎಂದಳು ಅಮ್ಮ. "ದಿನಾ ಅಲ್ಲೇ ಹೋಗಿ ಕೂರಬೇಕಿತ್ತು ನಾನು." ಚೀಲದ ಅಂಚು ಎಳೆದು ಸರಿಮಾಡುತ್ತ, "ಆಮೇಲೆ ನೀನು ನನ್ನ ಹತ್ರ ಲೆಕ್ಕ ಹೇಳಿಸ್ಕೊಳ್ಳೋದು ಬಿಟ್ಟುಬಿಟ್ಟೆ. ನನಗೆ ಗೊತ್ತಾಯ್ತು ಯಾಕೆ ಅಂತ," ಅಂದಳು. ಕ್ಷಮಿಸು ಅನ್ನಲಿಲ್ಲ. ದಿಂಬಿನ ಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಇಷ್ಟು ಸಣ್ಣ ಕಾರಣವೇ, ಒಂದು ಕುರ್ಚಿಯೇ, ಎಂದು ಅವಳಿಗೆ ಸಿಟ್ಟು ಬಂತು. ಆದರೆ ಗಾಜಿನ ಕೋಣೆಯಲ್ಲಿ ತಾನು ಬಾಯಿ ತೆರೆದದ್ದೂ ಒಂದು ಕುರ್ಚಿಗಾಗಿಯೇ ಎಂದು ನೆನಪಾಗಿ ಆ ಸಿಟ್ಟಿಗೆ ಬಲ ಸಾಲಲಿಲ್ಲ. ಅಷ್ಟರಲ್ಲಿ ಫೋನ್ ಬಂತು.

ಎಚ್‌ಆರ್ ಹುಡುಗಿಯ ದನಿ ಎಂದಿನ ಹಾಗೆ ಹಾಲು ಸಕ್ಕರೆ. ಇವಳು ಸುತ್ತಿ ಬಳಸದೆ, "ನಾನು ಬರ್ತಿಲ್ಲ," ಅಂದಳು. ಆಚೆ ಕಡೆ ಒಂದು ಕ್ಷಣ ಕೀಬೋರ್ಡಿನ ಸದ್ದು ನಿಂತಿತು. "ಇನ್ನೊಂದು ವಿಷಯ. ಆವತ್ತು ಕೇಳಿದ ಪ್ರಶ್ನೆ ನನಗೆ ಮೊದಲೇ ಬಾಯಿಪಾಠ ಆಗಿತ್ತು. ಆ ತಪ್ಪು ನಾನು ಬೇಕಂತ ಮಾಡಿದ್ದು. ಪ್ರಾಮಾಣಿಕ ಅಂತ ಬರೆದಿದ್ದಾರಲ್ಲ, ಅದನ್ನ ಹೊಡೆದುಹಾಕಿ." ಹೇಳುವಾಗ ಅವಳ ಕಿವಿ ಬೆಂಕಿಯಾಗಿತ್ತು. ಬೈಸಿಕೊಳ್ಳಲು ಅವಳು ತಯಾರಾಗಿದ್ದಳು, ನಿಜ ಹೇಳಬೇಕೆಂದರೆ ಬೈಯಲಿ ಎಂದೇ ಕಾಯುತ್ತಿದ್ದಳು.

ಆ ಹುಡುಗಿ ನಕ್ಕಳು. ಕೆಟ್ಟ ನಗೆಯಲ್ಲ, ಮುದ್ದು ಬಂದವರ ನಗೆ. "ಅಯ್ಯೋ, ಅದಕ್ಕಾ? ಅದೆಲ್ಲ ನಮಗೂ ಗೊತ್ತಿರುತ್ತೆ. ಎಲ್ಲರೂ ತಯಾರಾಗೇ ಬರ್ತಾರೆ. ಅಷ್ಟು ಚೆನ್ನಾಗಿ ತಯಾರಾಗಿದ್ರಿ ಅನ್ನೋದೇ ನಿಮ್ಮ ಪ್ಲಸ್ ಪಾಯಿಂಟು. ಇದಕ್ಕೋಸ್ಕರ ಬಿಡಬೇಡಿ, ಪ್ಲೀಸ್."

ಅಂದರೆ ಯಾರೂ ಮೋಸಹೋಗಿರಲಿಲ್ಲ. ಗಡ್ಡದವನು ತಲೆ ಎತ್ತಿದ್ದು ನಂಬಿ ಅಲ್ಲ, ಆಟ ಚೆನ್ನಾಗಿದೆ ಎಂದು. ಅವಳು ವಾರವಿಡೀ ಹೊತ್ತು ತಿರುಗಿದ ತಪ್ಪು ಅವರ ಲೆಕ್ಕದಲ್ಲಿ ತಪ್ಪೇ ಅಲ್ಲ, ಅಂಕ. ಇಂಥ ಜಾಗದಲ್ಲಿ ಕಳ್ಳಿಯಾಗಲೂ ಸಾಧ್ಯವಿಲ್ಲ, ಸಾಚಾ ಆಗಲೂ ಸಾಧ್ಯವಿಲ್ಲ.

"ಬರಲ್ಲ," ಅಂದಳು ಮತ್ತೆ.

"ಓಕೆ. ಆದ್ರೆ ಕಾರಣ ಅಂತ ನಾನು ಏನಾದ್ರೂ ತುಂಬಿಸಬೇಕಾಗುತ್ತೆ. ಸಂಬಳವಾ, ದೂರವಾ, ಬೇರೆ ಆಫರಾ? ಪರವಾಗಿಲ್ಲ, ನಿಧಾನವಾಗಿ, ಜೋರಾಗಿ ಯೋಚಿಸಿ. ನಾನು ಬರ್ಕೋತೀನಿ."

ಅವಳು ಬಾಯಿ ಮುಚ್ಚಿದಳು. ಮೇಜಿನ ಆ ತುದಿಯಲ್ಲಿ ಅಮ್ಮ ಕತ್ತೆತ್ತಿ ನೋಡುತ್ತಿದ್ದಳು. ಫೋನಿನ ಮಾತು ಅವಳಿಗೂ ಕೇಳಿಸಿತ್ತು. ಏನಾದರೂ ಹೇಳಿಬಿಡು, ಮುಗಿದು ಹೋಗ್ಲಿ ಎನ್ನುವುದು ಅಮ್ಮನ ತುಟಿಯವರೆಗೆ ಬಂದದ್ದು ಅವಳಿಗೆ ಚೆನ್ನಾಗಿ ಕಾಣಿಸಿತು, ಆವತ್ತಿನ ಹಾಗೇ. ಅವಳು ಅಮ್ಮನನ್ನೇ ನೋಡಿದಳು. ಒಳಗೆ ಬಾಡಿಗೆಯವಳ ಕೋಣೆಯ ಕಡೆಯಿಂದಲೂ ಸದ್ದಿರಲಿಲ್ಲ. ಅಮ್ಮ ತುಟಿ ಮುಚ್ಚಿದಳು. ಮಡಚಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಎದ್ದು, ತನ್ನ ಕುರ್ಚಿಯನ್ನು ಎತ್ತಿಕೊಂಡು ಮೇಜು ಸುತ್ತಿ ಬಂದು, ಮಗಳ ಪಕ್ಕಕ್ಕೆ ಹಾಕಿಕೊಂಡು ಕೂತಳು.

"ಹಲೋ? ಇದ್ದೀರಾ?" ಎಂದಿತು ಫೋನು.

"ಇದ್ದೀನಿ," ಎಂದಳು ಅವಳು. ಅಷ್ಟು ಹೇಳಿ ಸುಮ್ಮನಾದಳು.